ಕೊಟ್ಟ ಚಿಕಿತ್ಸೆ: ಏನೂ ಇಲ್ಲ

ಸೋಮವಾರ ಬೆಳಿಗ್ಗೆ ಆ ಮನೆಯಲ್ಲಿ ತಿಂಡಿಗಿಂತ ಮೊದಲು ಮಾತ್ರೆಯ ಪೂಜೆ. ಸರ್ಕಾರಿ ಆರೋಗ್ಯ ವಿಮಾ ಕಚೇರಿಯ ಸೂಪರಿಂಟೆಂಡೆಂಟ್ ಸಾಹೇಬರು ಕನ್ನಡಕ ಏರಿಸಿ, ಇಪ್ಪತ್ತೊಂದು ಖಾನೆಯ ಪ್ಲಾಸ್ಟಿಕ್ ಡಬ್ಬಿ ಮುಂದಿಟ್ಟುಕೊಂಡು, ವಾರಕ್ಕಾಗುವಷ್ಟು ಅತ್ತೆಯ ಮಾತ್ರೆಗಳನ್ನು ತುಂಬುತ್ತಿದ್ದರು.

"ಬಿಳೀದು ಬಿ.ಪಿ.ಗೆ. ಹಳದೀದು ಕಾಲು ಊತಕ್ಕೆ. ಗುಲಾಬೀದು ಪದೇಪದೇ ಬಾತ್‌ರೂಮಿಗೆ ಓಡೋದಕ್ಕೆ. ನೀಲೀದು ಮರೆವಿಗೆ. ಗೊತ್ತಾಯ್ತಾ ಅತ್ತೆ?"

"ನೀಲೀದು ನುಂಗಿದ್ನೋ ಇಲ್ವೋ ಅನ್ನೋದೇ ಮರೆತು ಹೋಗತ್ತಲ್ಲ ಅಳಿಯಂದಿರೇ, ಅದಕ್ಕೇನು ಮಾಡ್ಲಿ?" ಎಂದು ಅತ್ತೆ ನಕ್ಕರು. ಆಮೇಲೆ ಅಳಿಯನ ಕೋಟಿನತ್ತ ನೋಡಿ, "ಅಯ್ಯೋ, ಎರಡನೇ ಗುಂಡಿ ಬಿದ್ದುಹೋಗಿದೆ. ಸಂಜೆ ನೆನಪು ಮಾಡಿ, ಹಾಕಿಕೊಡ್ತೀನಿ" ಎಂದರು.

ಎಂಟು ತಿಂಗಳಿಂದ ಪ್ರತಿ ಸೋಮವಾರವೂ ಇದೇ ಮಾತು. ಸಾಹೇಬರು ಒಂದು ದಿನವೂ ನೆನಪಿಸಿರಲಿಲ್ಲ. ನೆನಪಿಸಿದರೆ ಮುದುಕಿ ನೊಂದುಕೊಂಡಾರು ಎಂಬ ಅಳುಕು.

ಇದೇ ಅತ್ತೆ ನಲವತ್ತು ವರ್ಷ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ತುಳಿದವರು. ಬೀದಿಗೆಲ್ಲ ಟೈಲರಮ್ಮ. ಒಮ್ಮೆ ಅಳತೆ ತೆಗೆದರೆ ಹತ್ತು ವರ್ಷ ಮರೆಯದ ಹೆಂಗಸು, ಹೋದ ವಾರ ಎದುರುಮನೆ ಬಸ್ ಕಂಡಕ್ಟರನ ಹೊಸ ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಕೂಡಿಸಿಬಿಟ್ಟಿದ್ದರು. ಅವನು ಅದನ್ನು ಹಾಕಿಕೊಂಡೇ ಬಂದು, "ಟೈಲರಮ್ಮಾ, ನನ್ನ ಬಲಗೈ ಬೆನ್ನು ಕೆರೆಯೋಕೆ ಹೊರಟಿದೆ ನೋಡಿ!" ಎಂದ. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನಂತರ ಮಿಷನ್ನಿಗೆ ಬಟ್ಟೆ ಹೊದಿಸಿ ಒಳಗೆ ಹೋಗಿ ಅತ್ತರು.

"ನನಗೆ ಅರಳುಮರಳು ಶುರುವಾಯ್ತು ಕಣೇ," ಎಂದರು ಮಗಳಿಗೆ. "ಮಿಷನ್ನನ್ನ ಹೊಲಿಗೆ ಕ್ಲಾಸಿನವರಿಗೆ ಕೊಟ್ಟುಬಿಡು. ಎದುರಿಗಿದ್ರೆ ಹೊಟ್ಟೆ ಉರಿಯತ್ತೆ."

ಕ್ಲಾಸಿನವರು ಎರಡು ತಿಂಗಳು ಬಿಟ್ಟು ಬಂದು ಒಯ್ಯುವುದೆಂದು ಮಾತಾಯಿತು. ಆದರೆ ಮಗಳು ಅಷ್ಟಕ್ಕೇ ಸುಮ್ಮನಾಗುವವಳಲ್ಲ. ದೊಡ್ಡಾಸ್ಪತ್ರೆಯಲ್ಲಿ ವಯಸ್ಸಾದವರಿಗೆಂದೇ ಹೊಸದೊಂದು ವಿಭಾಗ ಪರೀಕ್ಷಾರ್ಥವಾಗಿ ತೆರೆದಿದೆಯೆಂದು ಕೇಳಿ, ತಾಯಿಯನ್ನು ಅಲ್ಲಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಸ್ಟೆತಾಸ್ಕೋಪು ಮುಟ್ಟುವ ಮೊದಲೇ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, "ಇವುಗಳಲ್ಲಿ ಮೊದಲು ಬಂದಿದ್ದು ಯಾವುದಮ್ಮಾ?" ಎಂದು ಕೇಳಿದರು. ಮುಕ್ಕಾಲು ಗಂಟೆ ಅದೇ ಮಾತು. ಬಿಳಿ ಮಾತ್ರೆಯಿಂದ ಕಾಲು ಊದಿತ್ತು. ಊತಕ್ಕೆಂದು ಕೊಟ್ಟ ಹಳದಿ ಮಾತ್ರೆ ಬಾತ್‌ರೂಮಿಗೆ ಓಡಿಸಿತ್ತು. ಆ ಓಟ ನಿಲ್ಲಿಸಲು ಬಂದ ಗುಲಾಬಿ ಮಾತ್ರೆ ತಲೆಗೆ ಮಂಕು ಕವಿಸಿತ್ತು. ಆ ಮಂಕನ್ನೇ ಮರೆವಿನ ಕಾಯಿಲೆ ಎಂದುಕೊಂಡು ಇನ್ನೊಬ್ಬರು ನೀಲಿ ಮಾತ್ರೆ ಬರೆದಿದ್ದರು. ಬರೆದವರು ನಾಲ್ವರೂ ಒಳ್ಳೆಯ ಡಾಕ್ಟರುಗಳೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕಂಡಿರಲಿಲ್ಲ, ಅಷ್ಟೇ.

"ಬಿ.ಪಿ. ಮಾತ್ರೆ ಬದಲಾಯಿಸ್ತೀನಿ. ಉಳಿದ ಮೂರನ್ನ ಒಂದೊಂದಾಗಿ ನಾನೇ ನೋಡ್ತಾ ನಿಲ್ಲಿಸ್ತೀನಿ. ನೀವಾಗಿ ಏನೂ ಬಿಡಬೇಡಿ," ಎಂದರು ಡಾಕ್ಟರಮ್ಮ.

ಎಂಟು ದಿನಕ್ಕೆ, ಆ ಆಸ್ಪತ್ರೆ ಖರ್ಚಿಗೆಂದು ಹಾಕಿದ್ದ ವಿಮೆಯ ಅರ್ಜಿ ಕೆಂಪು ಮೊಹರಿನೊಂದಿಗೆ ವಾಪಸ್ ಬಂತು. ಹೆಂಡತಿ ಊಟದ ತಟ್ಟೆಯ ಪಕ್ಕದಲ್ಲೇ ಅದನ್ನು ಇಟ್ಟಳು.

"ರೀ, ಓದಿ. 'ತಿರಸ್ಕೃತ. ವಿಭಾಗ ಪಟ್ಟಿಯಲ್ಲಿಲ್ಲ. ಕೊಟ್ಟ ಚಿಕಿತ್ಸೆ: ಏನೂ ಇಲ್ಲ.' ಕೆಳಗಿನ ಸಹಿ ಯಾರದ್ದು?"

ಸಾಹೇಬರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು. "ನಂದೇ. ದಿನಕ್ಕೆ ಇನ್ನೂರು ಕಾಗದ ಬರತ್ತೆ, ಒಂದೊಂದರ ಹೆಸರೂ ನೋಡ್ತಾ ಕೂತ್ರೆ ಆಯ್ತು ಬಿಡು."

"ಮೂರು ಮಾತ್ರೆ ಬಿಡಿಸೋದು ನಿಮಗೆ 'ಏನೂ ಇಲ್ಲ'ನಾ?"

"ಕೊಟ್ಟಿದ್ದಕ್ಕೆ ಫಾರಂನಲ್ಲಿ ಕಾಲಂ ಇದೆ ಕಣೇ, ಬಿಡಿಸಿದ್ದಕ್ಕೆಲ್ಲಿದೆ? ವಯಸ್ಸಾಗೋದೇನು ರೋಗಾನಾ, ಅದಕ್ಕೊಂದು ವಿಭಾಗ ಮಾಡೋಕೆ? ಹೋದ ವರ್ಷ ಒಬ್ಬ ನಗುವಿನ ತಜ್ಞ ಅಂತ ಬಂದಿದ್ದ. ಬಾಗಿಲು ತೆಗೆದ್ರೆ ನಾಳೆ ಸೀನಿಗೊಬ್ಬ, ಆಕಳಿಕೆಗೊಬ್ಬ ಬರ್ತಾನೆ. ಅದು ಜನರ ದುಡ್ಡು. ಕಾಯೋರು ಯಾರಾದ್ರೂ ಬೇಡ್ವಾ?"

ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೆಲ್ಲಗೆ ಹೇಳಿದರು: "ತೋಳಿಗೊಬ್ಬ, ಕಾಲರಿಗೊಬ್ಬ, ಜೇಬಿಗೊಬ್ಬ ಟೈಲರನ್ನ ಇಟ್ಕೊಳ್ಳಿ ಅಳಿಯಂದಿರೇ, ನಾನು ಬೇಡ ಅನ್ನಲ್ಲ. ಆದ್ರೆ ಕೊನೆಗೆ ಅಂಗೀನ ಮೈಗೆ ಹಾಕಿ ನೋಡೋಕೆ ಒಬ್ಬ ಇರ್ಬೇಕಲ್ವಾ? ಆ ಡಾಕ್ಟರಮ್ಮ ನನ್ನನ್ನ ಹಾಗೆ ನೋಡಿದ್ರು."

ಸಾಹೇಬರಿಗೆ ಇನ್ನೊಂದು ಫೈಲು ನೆನಪಾಯಿತು. ಅದು ಕಚೇರಿಯಲ್ಲಿ ಅವರ ಮೇಜಿನ ಮೇಲೇ ಇತ್ತು. ಆ ವಿಭಾಗವನ್ನು ವಿಮೆಯ ಪಟ್ಟಿಗೆ ಸೇರಿಸಬೇಕೆಂಬ ಮನವಿ. ಸೇರದಿದ್ದರೆ ತಿಂಗಳ ಕೊನೆಗೆ ಆ ಬಾಗಿಲು ಮುಚ್ಚುತ್ತದೆ, ಅತ್ತೆಯ ಮಾತ್ರೆ ಬಿಡಿಸುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆ ಫೈಲಿನ ಮೇಲೆ 'ಅಗತ್ಯ ಕಂಡುಬರುವುದಿಲ್ಲ' ಎಂದು ಸಾಹೇಬರು ಆಗಲೇ ಟಿಪ್ಪಣಿ ಬರೆದಿಟ್ಟಿದ್ದರು. ಪುಟ ತಿರುವಿ ನೋಡದೆಯೇ!

ಮರುದಿನ ಅವರು ಕಚೇರಿಗೆ ಹೋಗಿ ಅತ್ತೆಯ ಹಳೆಯ ಅರ್ಜಿಗಳನ್ನು ತರಿಸಿದರು. ಬಿಳಿ, ಹಳದಿ, ಗುಲಾಬಿ, ನೀಲಿ. ನಾಲ್ಕಕ್ಕೂ ನಾಲ್ಕು ಮೇಜಿನಿಂದ ಹಸಿರು ಮೊಹರು: ಮಂಜೂರು. ನಾಲ್ಕು ಮೇಜಿನ ಗುಮಾಸ್ತರೂ ದಿನಕ್ಕೆರಡು ಸಲ ಒಟ್ಟಿಗೆ ಟೀ ಕುಡಿಯುವವರೇ. ಆದರೂ ಈ ನಾಲ್ಕು ಕಾಗದಗಳು ಒಟ್ಟಿಗೆ ಕೂತದ್ದು ಇದೇ ಮೊದಲು. ಐದನೆಯದಕ್ಕೆ ಕೆಂಪು. ವಾರವಾರ ಮುದ್ದಿನಿಂದ ಡಬ್ಬಿ ತುಂಬಿಸಿ ಅತ್ತೆಯ ತಲೆಗೆ ಮಂಕು ಹಿಡಿಸಿದ್ದರಲ್ಲಿ ತಮ್ಮ ಕೈಯೂ ಇತ್ತಲ್ಲ ಎಂದು ಸಾಹೇಬರಿಗೆ ನಾಚಿಕೆಯಾಯಿತು.

ಟಿಪ್ಪಣಿ ಹರಿದು ಬೇರೆ ಬರೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಸಾಹೇಬರು ಹಾಗೆ ಮಾಡಲಿಲ್ಲ. ಫೈಲನ್ನೂ ಐದು ಕಾಗದಗಳನ್ನೂ ಎತ್ತಿಕೊಂಡು ನಿರ್ದೇಶಕಿಯವರ ಕೋಣೆಗೆ ಹೋದರು.

"ಮೇಡಂ, ಈ ಫೈಲು ನನ್ನ ಕೈಯಲ್ಲಿರಬಾರದು. ಇದರೊಳಗೆ ನಮ್ಮತ್ತೆ ಇದ್ದಾರೆ."

ನಿರ್ದೇಶಕಿ ಎಲ್ಲ ಕೇಳಿಸಿಕೊಂಡು ಹುಬ್ಬೇರಿಸಿದರು. "ನಗುವಿನ ತಜ್ಞ ನೆನಪಿದ್ದಾನಲ್ಲ?"

"ಇದ್ದಾನೆ ಮೇಡಂ. ಅವನನ್ನ ತೂಗಿದ ತಕ್ಕಡೀಲೇ ಇವರನ್ನೂ ತೂಗಿ. ಸಮಿತಿ ಕೂರಿಸಿ, ಆಸ್ಪತ್ರೆಗೆ ಹೋಗಿ ನೋಡಿ. ಓದದೆ ಬರೆದಿದ್ದು ನನ್ನ ತಪ್ಪು. ಆ ಟಿಪ್ಪಣಿ ಮಾತ್ರ ವಾಪಸ್ ತಗೋತೀನಿ."

ನಿರ್ದೇಶಕಿ ಐದು ಕಾಗದಗಳನ್ನು ಸಾಲಾಗಿ ಜೋಡಿಸಿ ಎರಡು ಸಲ ಓದಿದರು. ಆಮೇಲೆ ತಮ್ಮ ಕೈಚೀಲದ ಜಿಪ್ ಎಳೆದು, ಒಳಗಿದ್ದ ಆರು ಬಗೆಯ ಮಾತ್ರೆಗಳನ್ನು ಒಂದು ಗಳಿಗೆ ದಿಟ್ಟಿಸಿ, "ಆ ಡಾಕ್ಟರು ಎಷ್ಟು ಗಂಟೆಗೆ ಸಿಗ್ತಾರೆ?" ಎಂದು ಕೇಳಿದರು.

ತೀರ್ಮಾನವಾಗುವವರೆಗೆ ವಿಭಾಗ ಮುಚ್ಚಬಾರದೆಂದು ಅಂದೇ ಪತ್ರ ಹೋಯಿತು. ಸಮಿತಿ ಮೂರು ಸಲ ಕೂತು ಚೆನ್ನಾಗಿಯೇ ಜಗಳವಾಡಿ, ಎರಡನೇ ತಿಂಗಳಲ್ಲಿ ವಿಭಾಗವನ್ನು ಪಟ್ಟಿಗೆ ಸೇರಿಸಿತು. ಫಾರಂನಲ್ಲಿ 'ಕೊಟ್ಟ ಚಿಕಿತ್ಸೆ'ಯ ಕೆಳಗೆ ಹೊಸದೊಂದು ಗೆರೆ ಬಂತು: 'ನಿಲ್ಲಿಸಿದ ಔಷಧಿ'.

ಮಿಷನ್ ಒಯ್ಯಲು ಹೊಲಿಗೆ ಕ್ಲಾಸಿನವರು ಬಂದಾಗ ಅದರ ಹೊದಿಕೆ ನೆಲದ ಮೇಲಿತ್ತು. ಟೈಲರಮ್ಮ ಕಂಡಕ್ಟರನ ಅಂಗಿಗೆ ಬಲತೋಳು ಕೂಡಿಸುತ್ತಿದ್ದರು. "ಮಿಷನ್ನು ಕೊಡಲ್ಲ ಕಣ್ರಮ್ಮಾ. ಬೇಕಾದ್ರೆ ನಾನೇ ಬರ್ತೀನಿ ಕಲಿಸೋಕೆ," ಎಂದರು ತಲೆಯೆತ್ತದೆ.

ಮುಂದಿನ ಸೋಮವಾರ ಬೆಳಿಗ್ಗೆ ಸಾಹೇಬರು ಅಭ್ಯಾಸಬಲದಿಂದ ಕನ್ನಡಕ ಏರಿಸಿ ಡಬ್ಬಿ ತೆರೆದರು. ಬೆಳಗಿನ ಖಾನೆ ಖಾಲಿ. ಈಗ ದಿನಕ್ಕೆ ಒಂದೇ ಮಾತ್ರೆ, ಅದನ್ನು ಅತ್ತೆ ಆಗಲೇ ತಾವೇ ನುಂಗಿದ್ದರು. ಮಧ್ಯಾಹ್ನದ ಖಾನೆಯಲ್ಲಿ ಬಿಳಿ, ಹಳದಿ, ಗುಲಾಬಿ ಬಣ್ಣದವು ಥಳಥಳಿಸುತ್ತಿದ್ದವು. ಸಾಹೇಬರು ಗಾಬರಿಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಅದು ಗುಂಡಿ ಅಳಿಯಂದಿರೇ, ನುಂಗಿಬಿಟ್ಟೀರಿ!" ಒಳಗಿನಿಂದ ಅತ್ತೆ ಕೂಗಿದರು. ಸೂಜಿಗೆ ದಾರ ಪೋಣಿಸುತ್ತ ಹೊರಗೆ ಬಂದು ಕೈ ಚಾಚಿದರು. "ಕೋಟು ಕೊಡಿ ಇಲ್ಲಿ. ಎರಡನೇ ಗುಂಡಿ. ಹತ್ತು ತಿಂಗಳಿಂದ ಸಂಜೆ ಹಾಕ್ತೀನಿ ಅಂತಿದ್ದೆ, ಒಂದು ದಿನವಾದ್ರೂ ನೆನಪು ಮಾಡಿದ್ರಾ ನೀವು?"

"ಮರೆತೇಹೋಗಿತ್ತು ಅತ್ತೆ," ಎಂದು ಸಾಹೇಬರು ಕೋಟು ಬಿಚ್ಚಿಕೊಟ್ಟರು. ಅವರ ಕಣ್ಣು ತುಂಬಿ ಬಂದಿತ್ತು.