ಅಜ್ಜನ ಬಂದೂಕು

ವಡಗಾವಿಯ ಅಭಿಜಿತ ಬೈಕಿನಲ್ಲಿ ಇರಾನ್, ಅಫ್ಗಾನಿಸ್ತಾನ ಸುತ್ತಿ ಬಂದವನು. ಅವನ ಭಾಷಣಗಳಿಗೆ ಪರದೆಯ ಮೇಲೆ ಫೋಟೋ ತೋರಿಸುವವನು, ಆಮೇಲೆ ಅವುಗಳ ವಿಡಿಯೋ ಇಂಟರ್ನೆಟ್ಟಿಗೆ ಹಾಕುವವನು ನಾನು, ಕಲ್ಮೇಶ. ಬೈಕು ಅವನದು, ಬಾಯಿ ಅವನದು, ಪಾಪದಲ್ಲಿ ಮಾತ್ರ ನನ್ನದು ಸಮಪಾಲು.

ಮೊದಲ ಭಾಷಣ ಖಾನಾಪುರದಲ್ಲಿ. ಅಫ್ಗಾನಿಸ್ತಾನದ ಹಳ್ಳಿಯೊಂದರಲ್ಲಿ ಜ್ವರ ಬಂದು ಬಿದ್ದಾಗ ಒಬ್ಬ ಅಜ್ಜ ಎಂಟು ದಿನ ಮನೆಯಲ್ಲಿಟ್ಟುಕೊಂಡು ಗಂಜಿ ಕುಡಿಸಿದ್ದನ್ನು ಅಭಿಜಿತ ಇದ್ದದ್ದು ಇದ್ದ ಹಾಗೆ ಹೇಳಿದ. ಅಜ್ಜನ ಮೊಮ್ಮಗ ಧಾರವಾಡದಲ್ಲಿ ಓದುತ್ತಿದ್ದನಂತೆ. "ನನ್ನ ಹುಡುಗ ನಿಮ್ಮ ಸೀಮೆಯ ಅನ್ನ ಉಣ್ಣುತ್ತಾನೆ" ಎಂದು ಮುರುಕು ಹಿಂದಿಯಲ್ಲಿ ಹೇಳಿ, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟನಂತೆ. ಜನ ಆಕಳಿಸಿದರು. ಮುಂದಿನ ಸಾಲಿನ ಸಿದರಾಯ ಮಾಸ್ತರರಂತೂ ಗೊರಕೆ ಹೊಡೆದರು.

ತಿರುಗಿ ಬರುವಾಗ ನಾನೇ ಹೇಳಿದೆ: "ಗಂಜಿ ಕತಿ ಯಾರಿಗೆ ಬೇಕಲೇ? ಅಜ್ಜನ ಕೈಯಾಗ ಒಂದ್ ಬಂದೂಕು ಕೊಡು."

"ದೇವರಂಥಾ ಮನಷ್ಯಾಲೇ ಅಂವ."

"ದೇವರಿಗೇನ್ ಕನ್ನಡ ತಿಳೀತೈತೇನು?"

ಬೆಳಗಾವಿಯ ಭಾಷಣದಲ್ಲಿ ಅಜ್ಜ ಬಂದೂಕು ಹಿಡಿದ, ಬಾಗಿಲಿಗೆ ಕೀಲಿ ಹಾಕಿದ, ಅಭಿಜಿತನನ್ನು ಎಂಟು ದಿನ ಉಪವಾಸ ಕೆಡವಿದ. ಅಜ್ಜನ ಫೋಟೋದಲ್ಲಿ ನಗು ಕಾಣದ ಹಾಗೆ ಬಾಯಿ ಕತ್ತರಿಸಿ ಕಣ್ಣಷ್ಟೇ ತೋರಿಸಿದೆ. ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದರು. ಅಜ್ಜನಿಗೆ ಬಾಯಿಗೆ ಬಂದಂತೆ ಬೈದರು.

ಹದಿನೈದು ದಿನಕ್ಕೆ ಅಜ್ಜನ ದನಿಯಲ್ಲೇ ಮೆಸೇಜು ಬಂತು. "ಬೇಟಾ, ನಿನ್ನ ವಿಡಿಯೋದಲ್ಲಿ ನಾನಿದ್ದೇನೆ. ಊರವರನ್ನೆಲ್ಲ ಕರೆದು ತೋರಿಸಿದೆ. ಏನು ಹೇಳಿದ್ದೀಯೋ ತಿಳಿಯಲಿಲ್ಲ. ಮೊಮ್ಮಗನಿಗೆ ಕಳಿಸಿದ್ದೇನೆ, ಅವನಿಗೆ ನಿಮ್ಮ ಭಾಷೆ ಬರುತ್ತದೆ."

ಅಭಿಜಿತನ ಮುಖ ಸುಣ್ಣವಾಯಿತು.

ಮರುದಿನ ಧಾರವಾಡದಿಂದ ಮೆಸೇಜು, ನಮ್ಮದೇ ಕನ್ನಡದಲ್ಲಿ. "ಅಣ್ಣಾ, ಅಜ್ಜಾಗ ನಾ ಖರೇ ಹೇಳಿಲ್ಲ. ನೀ ಹೊಗಳಿದಿ ಅಂತ ಹೇಳೇನಿ. ಅಂವ ಮತ್ತ ಬಾ ಅಂತ ಕರ್ಯಾಕತ್ತಾನ. ಬರಬ್ಯಾಡ. ನಮ್ಮ ಮನಿ ಬಾಗಲಾ ತುಳೀಬ್ಯಾಡ."

ಅಭಿಜಿತ ಎರಡು ಸಲ ಓದಿದ. "ಪಾರಾದ್ವಿ," ಎಂದ. ಆಮೇಲೆ ನನ್ನ ಮುಖ ನೋಡಿದ. ಕಳ್ಳರಿಗೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಭಾನುವಾರ ಕಾಕತಿಯ ಭಾಷಣದಲ್ಲಿ ಆ ಮೆಸೇಜಿನ ಫೋಟೋದಲ್ಲಿ ಮೊದಲ ಮಾತುಗಳನ್ನೆಲ್ಲ ಅಳಿಸಿ, ಕೊನೆಯ ಎರಡು ಮಾತನ್ನಷ್ಟೇ ಉಳಿಸಿ ಪರದೆಗೆ ದೊಡ್ಡದಾಗಿ ಹಾಕಿದೆ.

"ಆ ಮನಿಯಿಂದ ಧಮಕಿ ಬಂದೈತ್ರಿ," ಎಂದ ಅಭಿಜಿತ. "ಅವರ ಮಂದಿ ಧಾರವಾಡದಾಗೂ ಅದಾರ್ರಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗ ನೋಡಿದೆ, ಅಳಿಸುವಾಗ ಮೇಲೆ ಹುಡುಗನ ಫೋನ್ ನಂಬರು ಉಳಿದುಬಿಟ್ಟಿತ್ತು. ಮುಂದಿನ ಸಾಲಿನವರು ಮೊಬೈಲು ತೆಗೆದು ಅದರ ಫೋಟೋ ಹೊಡೆದುಕೊಳ್ಳುತ್ತಿದ್ದರು. ಪರದೆ ಆರಿಸುವುದು ಒಂದು ಗುಂಡಿ ಒತ್ತುವಷ್ಟರ ಕೆಲಸ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ನಾನು ಆರಿಸಲಿಲ್ಲ.