ಅವ್ವನ ಸಾಲು

ಮಳೆಗಾಲದಲ್ಲಿ ಬಂದ ಚಿಕೂನ್‌ಗುನ್ಯಾ ಬಿಟ್ಟುಹೋಗಿ ಚಳಿ ಶುರುವಾದರೂ ಅವ್ವನ ಬೆರಳುಗಳು ಬೆಳಿಗ್ಗೆ ಮಡಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಮೆಲ್ಲಗೆ ಆಡಿಸಿದರೆ ಬಿಸಿಲೇರುವ ಹೊತ್ತಿಗೆ ಸಡಿಲವಾಗುತ್ತಿದ್ದವು. ಆಮೇಲೆ ಅವಳದು ಮೊದಲಿನ ಕೈಯೇ. ಇದು ಸೋಮಾರಿತನವಲ್ಲ, ಕೆಲವರಿಗೆ ವರ್ಷವೂ ಹಿಡಿಯುತ್ತದೆ ಎಂದು ಚಾಮರಾಜನಗರದ ಡಾಕ್ಟರು ಹೇಳಿದ್ದರು. ಆದರೆ ಕಳೆ ಕೀಳುವ ಕೆಲಸ ಶುರುವಾಗುವುದು ಬೆಳಗಿನ ಚಳಿಯಲ್ಲಿ.

ಉಮ್ಮತ್ತೂರಿನ ನಮ್ಮ ಬೀದಿಯ ಹೆಂಗಸರದು ಮುಯ್ಯಾಳು. ಇವತ್ತು ಎಲ್ಲರೂ ನಿಮ್ಮ ಹೊಲಕ್ಕೆ, ನಾಳೆ ಎಲ್ಲರೂ ನಮ್ಮ ಹೊಲಕ್ಕೆ; ಕೂಲಿಯ ಮಾತಿಲ್ಲ. ಅವರ ಮುಂದಾಳು ಮಲ್ಲಾಜಮ್ಮ. ಭಾನುವಾರ ಸಂಜೆ ಅವಳು ನಮ್ಮ ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ ಅಂದಳು:

"ಚಿಕ್ಕಮಲ್ಲಿ, ಬೇಜಾರ್ ಮಾಡ್ಕಬ್ಯಾಡ ಕಣ. ನೀನೀಗ ಅರ್ಧ ಆಳು. ಅರ್ಧ ಆಳು ಇಡೀ ಆಳ್ ಮುಯ್ಯಿ ತೀರ್ಸಕಾದದಾ? ಈ ಸಲ ಬುಟ್ಬುಡು."

ಅವ್ವ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮುಯ್ಯಾಳಿನಿಂದ ಅವಳನ್ನು ಕೈಬಿಟ್ಟರೆ ನಮ್ಮ ಸಣ್ಣೀರುಳ್ಳಿ ಹೊಲಕ್ಕೆ ಯಾರೂ ಬರುವುದಿಲ್ಲ. ವಾರದೊಳಗೆ ಕಳೆ ಪೈರನ್ನು ನುಂಗಿಬಿಡುತ್ತದೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಲ್ಲಾಜಮ್ಮ ಬರುತ್ತಾಳೆಂದು ತಿಳಿದು, ಹೇಳಬೇಕಾದ್ದನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ.

"ಬೆಳಿಗ್ಗೆ ನಾನ್ ಬತ್ತೀನಿ," ಅಂದೆ. "ಬಿಸ್ಲೇರುದ್ ಮೇಲೆ ಅವ್ವ ಬತ್ತಳೆ. ಇಬ್ರೂ ಸೇರಿ ಒಂದಾಳು."

ಮಲ್ಲಾಜಮ್ಮ ನನ್ನನ್ನೇ ನೋಡಿದಳು. "ಈ ಎಣ್ಮಗೀಗೆ ಬಾಯೂ ಅದಾ? ಬಾ, ನೋಡನ."

ಮರುದಿನ ಪಕ್ಕದ ಮನೆಯ ಶಿವಮ್ಮನ ಹೊಲ. ಸಾಲಿನ ಕೊನೆಯಲ್ಲಿ ಕುಕ್ಕರಗಾಲಲ್ಲಿ ಕೂತೆ. ಜೇಕಿನ ಹುಲ್ಲಿಗೂ ಎಳೆ ಈರುಳ್ಳಿಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ.

"ಕಾವ್ಯ, ಕಳೆ ಬುಟ್ಟು ಪೈರ್ ಕೀಳ್ತಿದ್ದೀಯಲ್ಲಮ್ಮಿ," ಅಂದಳು ಶಿವಮ್ಮ. "ಬಿಕಾಂನಲ್ಲಿ ಇದೇನಾ ಏಳ್ಕೊಟ್ಟಿದ್ದು?"

ಎಲ್ಲರೂ ನಕ್ಕರು. ನಾನು ಎದ್ದು ಹೋಗಲಿಲ್ಲ. ಕಿತ್ತದ್ದನ್ನು ಮತ್ತೆ ನೆಟ್ಟು, ಇನ್ನೊಂದು ಹೆಜ್ಜೆ ಮುಂದೆ ಸರಿದೆ.

ಬಿಸಿಲೇರಿದಾಗ ಅವ್ವ ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು ಬಂದಳು. ನನ್ನ ಸಾಲಿಗೆ ಕೂತು, ನಾನು ಬಿಟ್ಟ ಜೇಕನ್ನೆಲ್ಲ ಕೀಳುತ್ತ ಮಧ್ಯಾಹ್ನಕ್ಕೆ ಉಳಿದವರ ಸಮಕ್ಕೆ ಬಂದಳು.

ಊಟದ ಹೊತ್ತಿನಲ್ಲಿ ಶಿವಮ್ಮ ನನ್ನ ಪಕ್ಕ ಸರಿದಳು. "ವಸಿ ಬಿಸ್ನೀರ್ ಉಯ್ಯಮ್ಮಿ. ಆ ಜ್ವರ ಬಂದಾಗ್ನಿಂದ ನನ್ ಮಣಿಕಟ್ಟೂ ಇಂಗೇ. ಏಳುದ್ರೆ ಮಲ್ಲಾಜಮ್ಮ ನನ್ನೂ ಅರ್ಧ ಆಳು ಅಂತಳೆ ಅಂತ ಸುಮ್ಗಿದ್ದೆ."

ಅವಳ ಕೈ ಅದ್ದಿಸಿ, ಡಾಕ್ಟರು ತೋರಿಸಿದಂತೆ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದೆ. ಆಚೆ ಕೂತಿದ್ದ ಮಲ್ಲಾಜಮ್ಮನಿಗೆ ಎಲ್ಲ ಕೇಳಿಸಿತ್ತು. ಅವಳು ಮುದ್ದೆ ಮುರಿಯುತ್ತಲೇ ಇದ್ದಳು.

ಸಂಜೆ ಸಾಲು ಮುಗಿದಾಗ ಮಾರನೆಯ ದಿನದ ಹೊಲ ಯಾರದೆಂದು ಅವಳೇ ಹೇಳಬೇಕು. ಸೀರೆಯ ಮಣ್ಣು ಕೊಡವಿದಳು.

"ನಾಳೀಕೆ ಚಿಕ್ಕಮಲ್ಲಿ ವಲ," ಅಂದಳು. ಆಮೇಲೆ ನನ್ನತ್ತ ತಿರುಗಿ, "ಫ್ಲಾಸ್ಕ್ ಸಾಲಲ್ಲ. ಅಂಡೆ ತುಂಬ ನೀರ್ ಕಾಸು. ಜೇಕ್ ಯಾವ್ದು, ಈರುಳ್ಳಿ ಯಾವ್ದು ಅಂತ ಅವ್ವುನ್ ಕೇಳ್ಕಂಡೇ ಬಾ."