ಒಂದು ಹೆಜ್ಜೆ ಇಟ್ಟ ಮರ

ಊರಿನವರ ಬಾಯಲ್ಲಿ ಅವನ ಹೆಸರು ‘ಅಲ್ಲಾಡ್ಬೇಡಿ ಮಾಮ’. ಬಸ್ ನಿಲ್ದಾಣದ ಎದುರಿನ ಮೆಟ್ಟಿಲು ಹತ್ತಿದರೆ ಸಿಗುವ ಸ್ಟುಡಿಯೋದಲ್ಲಿ ಜೀವಮಾನವಿಡೀ ಅವನು ಆಡಿದ್ದು ಆ ಒಂದೇ ಮಾತು. ಹಾಲುಗಲ್ಲದ ಕೂಸಿರಲಿ, ಮೀಸೆ ತಿರುವಿದ ಪೊಲೀಸಿನವನಿರಲಿ, “ಗಲ್ಲ ಸ್ವಲ್ಪ ಮೇಲೆ... ಅಲ್ಲಾಡ್ಬೇಡಿ.” ಕೂತವರು ಕಲ್ಲಾಗಬೇಕು. ಫೋಟೋದಲ್ಲೂ ಕಲ್ಲಿನ ಹಾಗೇ ಬರುತ್ತಿದ್ದರು ಅನ್ನಿ. ಗಂಡನ ಪಾಸ್‌ಪೋರ್ಟ್ ಫೋಟೋ ನೋಡಿ “ಇವರ್ಯಾರು?” ಅಂತ ಹೆಂಡತಿಯೇ ಕೇಳಿದ್ದುಂಟು.

ಅಂಥವನಿಗೆ ತಲೆ ನೆರೆತ ಮೇಲೆ ಒಂದು ಹುಚ್ಚು ಹಿಡಿಯಿತು. ಎಲ್ಲರ ಕೈಗೂ ಫೋನು ಬಂದು ಸ್ಟುಡಿಯೋ ಮುಚ್ಚುವ ಹೊತ್ತಿಗೆ, ಕತ್ತಲೆಕೋಣೆಯ ಕಪಾಟಿನಲ್ಲಿ ಅಂಗೈಗಿಂತ ದೊಡ್ಡದೊಂದು ಫಿಲ್ಮ್ ಹಾಳೆ ಉಳಿದಿತ್ತು. ಅವನ ಗುರುಗಳು ಬಿಟ್ಟುಹೋದ ಮರದ ಕ್ಯಾಮೆರಾಕ್ಕೆ ಮಾತ್ರ ಹೊಂದುವ ಹಾಳೆ. ಅದನ್ನು ಮಾಡುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದು ಯಾವ ಕಾಲವಾಯಿತೋ. ಇನ್ನೊಂದು ಬೇಕೆಂದರೆ ಸಿಗುವುದಿಲ್ಲ. ‘ಇಷ್ಟು ದಿನ ಬೇರೆಯವರ ಮುಖ ತೆಗೆದದ್ದಾಯಿತು. ಇದೊಂದು ನನಗೆ’ ಅಂದುಕೊಂಡ. ನನಗೆ ಅಂದರೆ ತನ್ನ ಮೋರೆಯಲ್ಲ, ಅದನ್ನು ಕ್ಷೌರದ ಕನ್ನಡಿಯಲ್ಲಿ ನೋಡಿ ನೋಡಿ ಸಾಕಾಗಿತ್ತು. ಅವನಿಗೆ ಬೇಕಾಗಿದ್ದದ್ದು ಅಕ್ಕನ ಹೊಲದ ಅಂಚಿಗೆ ನಿಂತಿದ್ದ ಒಂಟಿ ಮರ. ಅದೂ ಬರೀ ಒಂದು ದಿನದ ಮರವಲ್ಲ, ಇಡೀ ವರ್ಷದ ಮರ.

ಒಂದೇ ಹಾಳೆಯಲ್ಲಿ ವರ್ಷ ಹಿಡಿಸುತ್ತದೆಯೇ? ಹಿಡಿಸುತ್ತದೆ, ತಾಳ್ಮೆ ಇದ್ದರೆ. ಹಾಳೆಗೆ ಬೇಕಾದ ಬೆಳಕನ್ನು ನಾಲ್ಕು ಪಾಲು ಮಾಡಬೇಕು. ಬಿಸಿಲಿಗೊಂದು, ಮಳೆಗೊಂದು, ಕೊಯ್ಲಿಗೊಂದು, ಚಳಿಗೊಂದು. ನಡುವೆ ಅದನ್ನು ತೆಗೆದು ನೋಡುವ ಹಾಗಿಲ್ಲ, ಕತ್ತಲಲ್ಲಿ ಮಲಗಿಸಿ ಮುಂದಿನ ಕಾಲ ಬರಲೆಂದು ಕಾಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಮೆರಾ ನಾಲ್ಕು ಸಲವೂ ನಿಂತಲ್ಲೇ ನಿಲ್ಲಬೇಕು. ಅದಕ್ಕೆಂದೇ ಬದುವಿನ ಮೇಲೆ ಮೂರು ಚಪ್ಪಟೆ ಕಲ್ಲು ಹೂತು, ಒಂದೊಂದರಲ್ಲೂ ಉಳಿಯಿಂದ ಗುಳಿ ತೋಡಿದ. ಸ್ಟ್ಯಾಂಡಿನ ಮೂರು ಕಾಲಿಗೆ ಮೂರು ಗುಳಿ.

ಮೊದಲ ಪಾಲು ಬೇಸಿಗೆಯದು. ಅಕ್ಕನ ಗಂಡ, ಅಂದರೆ ಭಾವ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಬಂದು ಕ್ಯಾಮೆರಾದ ಮುಂದೆಯೇ ನಿಂತ.

“ಏನಯ್ಯಾ ಭಾಮೈದ, ನನ್ ಹೊಲಕ್ಕೆ ಪಾಸ್‌ಪೋರ್ಟ್ ಮಾಡಿಸ್ತಿದ್ದೀಯಾ? ಎಲ್ಲಿಗೆ ಕಳಿಸ್ತೀಯೋ ಅದನ್ನ?”

“ಸ್ವಲ್ಪ ಆ ಕಡೆ ಹೋಗಿ ಭಾವ. ಅಡ್ಡ ಬರ್ತಿದ್ದೀರ.”

“ಸರಿಯಪ್ಪ. ನನ್ ಹೊಲದಲ್ಲಿ ನಾನೇ ಅಡ್ಡ!”

“ರೀ, ಅವನ ತಂಟೆಗೆ ಹೋಗ್ಬೇಡಿ,” ಟೀ ತಂದ ಅಕ್ಕ ಗದರಿದಳು. “ಚಿಕ್ಕವನಿದ್ದಾಗ್ಲೂ ಹಂಗೇ. ಇರುವೆ ಸಾಲು ನೋಡ್ತಾ ಕೂತ್ರೆ ಊಟಕ್ಕೆ ಕಿವಿ ಹಿಂಡಿ ಕರ್ಕೊಂಡ್ ಬರ್ಬೇಕಿತ್ತು.”

ಅವನಿಗೆ ಯಾರ ಮಾತೂ ಕಿವಿಗೆ ಬೀಳಲಿಲ್ಲ. ಕರಿಬಟ್ಟೆಯೊಳಗೆ ತಲೆ ತೂರಿಸಿದ್ದ. ಆ ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನ ಮೇಲೆ ಲೋಕ ತಲೆಕೆಳಗಾಗಿ ಕಾಣುತ್ತದೆ. ಹೊಲ ಮೇಲೆ, ಆಕಾಶ ಕೆಳಗೆ. ಮರ ಮಣ್ಣಿನಿಂದ ಜೋತುಬಿದ್ದು ನೀಲಿಯಲ್ಲಿ ಕೊಂಬೆ ಅದ್ದಿಕೊಂಡು ನಿಂತಿತ್ತು. ಎಲೆ ಒಂದೂ ಇಲ್ಲ. ಅಭ್ಯಾಸಬಲದಿಂದ “ಅಲ್ಲಾಡ್ಬೇಡಿ” ಅಂದ. ಮರ ಅಲ್ಲಾಡಲಿಲ್ಲ. ಇಷ್ಟು ಮರ್ಯಾದಸ್ಥ ಗಿರಾಕಿ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮಳೆಗಾಲದಲ್ಲಿ ಹೊಲದ ತುಂಬಾ ನೀರು ನಿಂತಿತ್ತು. ಗಾಜಿನ ಮೇಲೆ ಮೇಲೂ ಮೋಡ, ಕೆಳಗೂ ಮೋಡ. ಯಾವುದು ನೀರು, ಯಾವುದು ಆಕಾಶ ಅಂತ ಹುಡುಕುತ್ತಾ ಹುಡುಕುತ್ತಾ ಬಟ್ಟೆಯೊಳಗೇ ಅವನಿಗೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಮಳೆ ನಿಂತು, ಮರದಿಂದ ಮಾತ್ರ ಹನಿ ಬೀಳುತ್ತಿತ್ತು. ಕೊಯ್ಲಿನ ಹೊತ್ತಿಗೆ ಹೊಲದ ತುಂಬಾ ಜನ. ಬಗ್ಗುವವರು, ಹೊರುವವರು, ನೀರು ಕೇಳುವವರು. ಆದರೆ ಲೆನ್ಸಿನ ಬಾಯಿ ಕಿರಿದು ಮಾಡಿ ಬಹಳ ಹೊತ್ತು ತೆರೆದಿಟ್ಟರೆ, ನಡೆದಾಡುವವರು ಹಾಳೆಗೆ ಅಂಟುವುದಿಲ್ಲ. ಬಂದು ಹೋಗುತ್ತಾರೆ, ಅಷ್ಟೇ. ನಿಂತದ್ದು ಮಾತ್ರ ಉಳಿಯುತ್ತದೆ. ‘ಎಂಥ ಹೊಟ್ಟೆಕಿಚ್ಚಿನ ಯಂತ್ರವಪ್ಪ ಇದು’ ಅನ್ನಿಸಿತು ಅವನಿಗೆ. ತನ್ನ ಸ್ಟುಡಿಯೋದ ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಕೂತವರೆಲ್ಲ ಒಮ್ಮೆ ಕಣ್ಣ ಮುಂದೆ ಬಂದು ಹೋದರು. ಒಬ್ಬರಿಗಾದರೂ ‘ನಕ್ಕುಬಿಡಿ’ ಅಂದಿದ್ದೆನೇ? ನೆನಪಾಗಲಿಲ್ಲ.

ನಾಲ್ಕನೆಯ ಪಾಲಿಗೆ ಅವನು ಬೇಕೆಂದೇ ಮಂಜಿನ ಬೆಳಗು ಆರಿಸಿಕೊಂಡ. ಅಂದು ಬದುವಿನ ಮೇಲೆ ನಡೆದರೆ ಸ್ವಂತ ಚಪ್ಪಲಿ ಕಾಣುತ್ತಿರಲಿಲ್ಲ. ಕಾಲಿನಿಂದ ತಡಕಿ ಕಲ್ಲು ಹುಡುಕಿದ. ಗುಳಿಗಳಿಗೆ ಸ್ಟ್ಯಾಂಡಿನ ಕಾಲು ಗಪ್ಪನೆ ಕೂತವು. ಗಾಜಿನ ಮೇಲೆ ಬರೀ ಹಾಲು. ಅದರಲ್ಲಿ ಎಲ್ಲೋ ಟೀ ಚೆಲ್ಲಿದ ಕಲೆಯಂತೆ ಮರ. ಕಲ್ಲಿದೆಯಲ್ಲ, ಇನ್ನೇನು ಯೋಚನೆ? ಲೆನ್ಸಿನ ಮುಚ್ಚಳ ತೆಗೆದ. ಮಂಜು ಒಳಗೆ ಹೋಯಿತು. ಮುಚ್ಚಿದ. ಮುಗಿಯಿತು. ಒಂದು ವರ್ಷ ಪೆಟ್ಟಿಗೆಯಲ್ಲಿತ್ತು. ಅವನ ಕಣ್ಣು ತುಂಬಿತು ಅಂದರೆ ಸುಳ್ಳಲ್ಲ.

ಅಕ್ಕನ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದಾಗ ಭಾವ ಬೀಗುತ್ತಾ ಬಂದ.

“ಕಲ್ಲು ಸರಿಯಾಗಿ ಕೂತಿದ್ವಾ?”

“ಕೂತಿದ್ವಲ್ಲ, ಯಾಕೆ?”

“ಕೂರ್ದೆ ಎಲ್ಲಿಗೆ ಹೋಗ್ತವೆ? ಮೊನ್ನೆ ಕಾಲುವೆ ತೋಡೋವಾಗ ಅಡ್ಡ ಬಂದ್ವು. ಅದಕ್ಕೇ ಕಿತ್ತು ಆ ಕಡೆ ಹೂತೆ. ಹಗ್ಗ ಹಿಡಿದು ಅಳೆದಿದ್ದೀನಯ್ಯ! ಕಲ್ಲಿಂದ ಕಲ್ಲಿಗೆ ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ. ನಿನ್ ಕಷ್ಟ ನಂಗೊತ್ತಾಗಲ್ವಾ?”

ಟೀ ಲೋಟ ಅವನ ಕೈಯಲ್ಲೇ ನಿಂತಿತು. “ಆ ಕಡೆ ಅಂದ್ರೆ... ಎಷ್ಟು?”

“ಎರಡು ಮಾರು ಇರ್ಬಹುದು. ಯಾಕಯ್ಯ, ಮುಖ ಹಂಗಾಯ್ತು?”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೋಟ ಕೆಳಗಿಟ್ಟು, ಪೆಟ್ಟಿಗೆ ಎತ್ತಿಕೊಂಡು, ಬಸ್ಸು ಹತ್ತಿದ. ಕತ್ತಲೆಕೋಣೆಯ ಕಪಾಟಿನಲ್ಲಿ ಹಾಳೆಯನ್ನಿಟ್ಟು ಬಾಗಿಲು ಹಾಕಿದ. ಇದ್ದದ್ದೇ ಒಂದು, ಅದೂ ಮಣ್ಣುಪಾಲು. ತೊಳೆದು ನೋಡುವುದಾದರೂ ಏನನ್ನು?

ಕೆಲವು ದಿನ ಬಿಟ್ಟು ಅಕ್ಕನೇ ಮೆಟ್ಟಿಲು ಹತ್ತಿ ಬಂದಳು, ಏದುಸಿರು ಬಿಡುತ್ತಾ.

“ನಿಮ್ ಭಾವ ಸರಿಯಾಗಿ ಊಟ ಮಾಡ್ತಿಲ್ಲ ಕಣೋ. ಆ ಹಗ್ಗಾನ ತೊಡೆ ಮೇಲಿಟ್ಕೊಂಡು ಕೂತಿದ್ದಾರೆ.”

“ಅವರ ತಪ್ಪೇನಿಲ್ಲಕ್ಕ.”

“ಅದನ್ನ ನಂಗೆ ಹೇಳಿ ಏನ್ ಮಾಡ್ತೀಯ? ಮೊದ್ಲು ಅದನ್ನ ತೊಳಿ. ಸತ್ತಿದೆಯೋ ಬದುಕಿದೆಯೋ ನೋಡ್ದೆ ಅಳ್ತಾ ಕೂತಿದ್ದೀಯಲ್ಲ, ಎಂಥಾ ಗಂಡ್ಸೋ ನೀನು!”

ಅಕ್ಕನನ್ನು ಹೊರಗೆ ಕೂರಿಸಿ ಅವನು ಕತ್ತಲಿಗೆ ಹೋದ. ಹಾಳೆ ತೊಳೆದು, ಒಣಗಿಸಿ, ಕೆಂಪು ದೀಪದಡಿ ಕಾಗದದ ಮೇಲೆ ಅಚ್ಚು ಹಾಕಿದ. ತಟ್ಟೆಯ ನೀರಲ್ಲಿ ಮೊದಲು ಹೊಲದಾಚೆಯ ಬೆಟ್ಟದ ಗೆರೆ ಮೂಡಿತು, ಆಮೇಲೆ ಮರ. ಮುಕ್ಕಾಲುಪಾಲು ಕಪ್ಪಾಗಿ, ಮೂರು ಕಾಲದ ಎಲೆ, ನೀರು, ಬಿಸಿಲು ಹೊತ್ತ ಗಟ್ಟಿ ಮರ. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು, ಬೂದಿ ಬಣ್ಣದ್ದು, ಉಸಿರು ತಾಗಿದರೆ ಅಳಿಸಿಹೋಗುವಂಥದ್ದು. ಎರಡು ಮರವಲ್ಲ ಅದು. ಒಂದೇ ಮರ, ವರ್ಷವಿಡೀ ನಿಂತು ನಿಂತು ಸಾಕಾಗಿ, ಯಾರೂ ನೋಡದ ಮಂಜಿನಲ್ಲಿ ಮೆಲ್ಲಗೆ ಒಂದು ಹೆಜ್ಜೆ ಇಟ್ಟಿತ್ತು.

ಅವನು ತಟ್ಟೆಯ ಮೇಲೆ ಬಗ್ಗಿದವನು ಬಗ್ಗಿಯೇ ಇದ್ದ. “ಒಳಗೆ ನಿದ್ದೆ ಹೋದ್ಯಾ?” ಅಂತ ಅಕ್ಕ ಬಾಗಿಲು ಬಡಿದಳು.

ಮಾರನೆಯ ಬೆಳಗ್ಗೆ ಆ ಫೋಟೋ, ಆ ಕ್ಯಾಮೆರಾ ಎರಡನ್ನೂ ಹೊತ್ತು ಹೊಲಕ್ಕೆ ಹೋದ. ಭಾವ ಫೋಟೋವನ್ನು ಹತ್ತಿರ ಹಿಡಿದ, ದೂರ ಹಿಡಿದ.

“ಇದು... ನಡೀತಿದೆ.”

“ಹೂಂ. ನೀವು ನಡೆಸಿದ್ದು.”

“ಕಲ್ಲು ವಾಪಸ್ ಹೂಳ್ಲಾ? ಹಗ್ಗ ಇಲ್ಲೇ ಇದೆ.”

“ಬೇಡ ಭಾವ. ಅಲ್ಲೇ ಇರ್ಲಿ.”

ಕ್ಯಾಮೆರಾದಲ್ಲಿ ಹಾಳೆ ಇರಲಿಲ್ಲ. ಇನ್ನು ಇರುವುದೂ ಇಲ್ಲ. ಆದರೂ ಅವನು ಸ್ಟ್ಯಾಂಡನ್ನು ಹೊಸ ಜಾಗದ ಕಲ್ಲುಗಳ ಗುಳಿಯಲ್ಲಿ ನಿಲ್ಲಿಸಿ, ಕರಿಬಟ್ಟೆ ಎತ್ತಿ ಹಿಡಿದು, “ಬನ್ನಿ, ತಲೆ ಹಾಕಿ” ಅಂದ. ಭಾವ ಟವೆಲು ತೆಗೆದು, ಯಾವುದೋ ಸಣ್ಣ ಬಾಗಿಲಲ್ಲಿ ನುಗ್ಗುವವನಂತೆ ಒಳಗೆ ಬಗ್ಗಿದ. ಗಾಳಿ ಎದ್ದಿತು. ಆಮೇಲೆ ಬಟ್ಟೆಯೊಳಗಿನಿಂದ ಪಿಸುಮಾತು ಬಂತು.

“ಭಾಮೈದ, ಇದು ತಲೆಕೆಳಗಾಗಿ ಅಲ್ಲಾಡ್ತಿದೆ ಕಣಯ್ಯ!”

ನಾಲಿಗೆಯ ತುದಿಗೆ ಹಳೆಯ ಮಾತು ಬಂದಿತ್ತು. ಅವನು ಅದನ್ನು ನುಂಗಿಕೊಂಡ.

“ಅಲ್ಲಾಡ್ಲಿ ಬಿಡಿ ಭಾವ,” ಅಂದ.